ಮೂರು ಕಾಸಿನ ಕುದುರೆ, ಆರು ಕಾಸಿನ ಹುಲ್ಲು

ಮೈಸೂರಿನಿಂದ ಹೋಗಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಸ್ನೇಹಿತರೊಬ್ಬರು ಊರಿಗೆ ಬಂದಿದ್ದಾಗ ಎರಡು ಪುಟದ ಪಟ್ಟಿಯೊಂದನ್ನು ನನ್ನ ಮುಂದಿಟ್ಟರು. ಅವರ ಹದಿನಾಲ್ಕು ವರ್ಷದ ಮಗಳಿಗೆ ಕುದುರೆ ಸವಾರಿಯ ಹುಚ್ಚು. ಚಳಿಗಾಲದಲ್ಲಿ ಫ್ಲಾರಿಡಾದಲ್ಲಿ ನಡೆಯುವ ಅಶ್ವಾರೋಹಣ ಸ್ಪರ್ಧೆಗಳ ಸರಣಿಗೆ ಆಕೆಯನ್ನು ಕರೆದೊಯ್ಯುವುದಾದರೆ ತಗಲಬಹುದಾದ ವೆಚ್ಚದ ಅಂದಾಜನ್ನು ಆಕೆಯ ತರಬೇತುದಾರರು ಬರೆದುಕೊಟ್ಟಿದ್ದರು. ಮೊತ್ತವನ್ನು ನೋಡಿ ಬೆಚ್ಚಿದ ನಾನು, 'ಇದರಲ್ಲಿ ಕುದುರೆಯ ಬೆಲೆ ಎಷ್ಟು?' ಎಂದು ಕೇಳಿದೆ. 'ಕುದುರೆ ಬಾಡಿಗೆಯದು, ಅದರ ಲೆಕ್ಕ ಬೇರೆ ಇದೆ. ಇದು ಬರೀ ಹೋಗಿಬರುವ ಖರ್ಚು ಕಣ್ರೀ' ಎಂದು ಅವರು ನಕ್ಕರು. ಆ ನಗೆಯಲ್ಲಿ ಉಲ್ಲಾಸವೇನೂ ಇರಲಿಲ್ಲ.

ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆಯನ್ನು ನಮ್ಮ ಹಿರಿಯರು ಬೇರಾವುದೋ ಸಂದರ್ಭಕ್ಕೆ ಕಟ್ಟಿದ್ದಿರಬಹುದು. ಆದರೆ ಇಂದಿನ ಅಶ್ವಾರೋಹಣ ಕ್ರೀಡೆಯ ಅರ್ಥಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಕುದುರೆಯನ್ನು ಕೊಳ್ಳುವುದು ಒಮ್ಮೆ. ಅದನ್ನು ಕಣಕ್ಕಿಳಿಸುವ ಬೆಲೆಯನ್ನು ತೆರುವುದು ವಾರವಾರ. ಆ ಬೆಲೆ ಊರಿಂದೂರಿಗೆ ಏಕೆ ಬದಲಾಗುತ್ತದೆ, ಅದನ್ನು ಕೊನೆಗೆ ಯಾರು ತೆರುತ್ತಾರೆ ಎಂಬ ಪ್ರಶ್ನೆಗಳನ್ನು ಬೆನ್ನುಹತ್ತಿದರೆ, ಅದು ಕುದುರೆಗಳ ವಿಷಯವಾಗಿಯಷ್ಟೇ ಉಳಿಯುವುದಿಲ್ಲ. ಕ್ರೀಡೆಯೊಂದು ಪ್ರತಿಭೆಯ ಕೈಯಿಂದ ಹಣದ ಕೈಗೆ ಜಾರುವ ಬಗೆಯೂ ಅಲ್ಲಿ ಕಾಣಿಸುತ್ತದೆ.

ಸ್ಪರ್ಧಿಯೇ ಪೋಷಕ

ಕುದುರೆ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರು, ಮೈಸೂರುಗಳ ರೇಸು. ಅಶ್ವಾರೋಹಣ ಸ್ಪರ್ಧೆಯ ಜಾತಿಯೇ ಬೇರೆ. ಷೋ ಜಂಪಿಂಗ್‌ನಲ್ಲಿ ಸವಾರನು ಹತ್ತು ಹದಿನೈದು ತಡೆಗಳನ್ನು ನಿಗದಿತ ಅವಧಿಯೊಳಗೆ, ಒಂದು ಕೋಲನ್ನೂ ಬೀಳಿಸದೆ ದಾಟಬೇಕು. ಡ್ರೆಸ್ಸಾಜ್‌ನಲ್ಲಿ ಕುದುರೆಯ ನಡಿಗೆಯ ಶಿಸ್ತು ಮತ್ತು ಲಾಲಿತ್ಯಕ್ಕೆ ಅಂಕ. ಅಮೆರಿಕದಲ್ಲಿ ಬಹು ಜನಪ್ರಿಯವಾಗಿರುವ 'ಹಂಟರ್' ವಿಭಾಗದಲ್ಲಿ ಕುದುರೆ ಜಿಗಿಯುವ ಸೊಗಸನ್ನು ತೀರ್ಪುಗಾರರು ಅಳೆಯುತ್ತಾರೆ.

ಮುಖ್ಯ ವ್ಯತ್ಯಾಸ ಇರುವುದು ಹಣದ ಮೂಲದಲ್ಲಿ. ರೇಸಿನಲ್ಲಿ ಬಾಜಿ ಕಟ್ಟುವ ಸಾವಿರಾರು ಮಂದಿಯ ಹಣ ಮೈದಾನವನ್ನೂ ಬಹುಮಾನವನ್ನೂ ಪೋಷಿಸುತ್ತದೆ. ಅಶ್ವಾರೋಹಣದಲ್ಲಿ ಬಾಜಿ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಟಿಕೆಟ್ ಕೊಂಡು ಬರುವ ಪ್ರೇಕ್ಷಕರು ವಿರಳ. ಕ್ರಿಕೆಟ್ಟಿಗಿರುವಂತೆ ದೂರದರ್ಶನ ಪ್ರಸಾರದ ಹಕ್ಕಿನ ಆದಾಯವೂ ಇಲ್ಲ. ದೊಡ್ಡ ಪಂದ್ಯಗಳಿಗೆ ಕೈಗಡಿಯಾರದ, ಕಾರಿನ, ಪಶು ಔಷಧದ ಕಂಪನಿಗಳ ಪ್ರಾಯೋಜನೆ ದೊರೆಯುತ್ತದೆ, ನಿಜ. ಆದರೆ ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಅಂಕಣಗಳಲ್ಲಿ ನಡೆಯುವ ಸಣ್ಣ ಸ್ಪರ್ಧೆಗಳನ್ನು ಹೊತ್ತು ನಿಲ್ಲಿಸುವುದು ಸ್ಪರ್ಧಿಗಳು ಕಟ್ಟುವ ಶುಲ್ಕ. ಇಲ್ಲಿ ಆಟಗಾರನೇ ಪೋಷಕ. ಗೆದ್ದವನಿಗೆ ಸಿಗುವ ಬಹುಮಾನದಲ್ಲಿ ಸೋತವರ ಪಾಲು ಸಾಕಷ್ಟಿರುತ್ತದೆ.

ಶುಲ್ಕದ ಸ್ವರೂಪವನ್ನು ಗಮನಿಸಿ. ಸ್ಪರ್ಧೆಯ ಆವರಣದಲ್ಲಿ ಕುದುರೆ ಕಟ್ಟಲು ಲಾಯದ ಬಾಡಿಗೆ. ಜೀನು, ಲಗಾಮು, ಮೇವು ಇಡಲು ಇನ್ನೊಂದು ಲಾಯ. ಹೆಸರು ನೋಂದಣಿಗೆ ಒಂದು ಶುಲ್ಕ, ಕಚೇರಿ ವೆಚ್ಚಕ್ಕೆ ಒಂದು, ಕುದುರೆಗೆ ಉದ್ದೀಪನ ಮದ್ದು ಕೊಟ್ಟಿಲ್ಲವೆಂದು ಪರೀಕ್ಷಿಸಲು ಮತ್ತೊಂದು. ಇವೆಲ್ಲವೂ ಕುದುರೆ ಕಣಕ್ಕಿಳಿಯುವ ಮೊದಲೇ ಆಗುವ ಖರ್ಚು. ಆಮೇಲೆ ಪ್ರತಿ ಸ್ಪರ್ಧೆಗೆ ಪ್ರತ್ಯೇಕ ಪ್ರವೇಶ ಶುಲ್ಕ. ತರಬೇತುದಾರರಿಗೆ ದಿನಗೂಲಿ, ಕಾಸ್ತಾರನಿಗೆ ಸಂಬಳ, ಹಂಟರ್ ಕುದುರೆಯ ಕೇಸರಕ್ಕೆ ಜಡೆ ಹೆಣೆಯುವವರಿಗೆ ಪ್ರತಿ ಬಾರಿಯ ಕೂಲಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬದಲಿಸುವ ಖರ್ಚು, ಪಶುವೈದ್ಯರ ಬಿಲ್ಲು, ಹಾಸಲು ಮರದ ಹೊಟ್ಟು, ವಿಸ್ತಾರವಾದ ಆವರಣದಲ್ಲಿ ಓಡಾಡಲು ಗಾಲ್ಫ್ ಗಾಡಿಯ ಬಾಡಿಗೆ. ಇದರ ಮೇಲೆ ಮನುಷ್ಯರ ಊಟ, ವಸತಿ. ಕುದುರೆ ಬಾಡಿಗೆಯದಾದರೆ ಅದರ ಬೆಲೆಯ ಸುಮಾರು ಮೂರನೇ ಒಂದು ಭಾಗವನ್ನು ವಾರ್ಷಿಕ ಬಾಡಿಗೆಯಾಗಿ ಕೊಡುವುದು ಅಲ್ಲಿನ ರೂಢಿ; ವಿಮೆಯ ಕಂತು ಬೇರೆ.

ಈ ಪಟ್ಟಿಯಲ್ಲಿ ಅಡಗಿರುವ ಒಂದು ಸೂಕ್ಷ್ಮವನ್ನು ಸಾಮಾನ್ಯವಾಗಿ ಯಾರೂ ಲೆಕ್ಕ ಹಾಕುವುದಿಲ್ಲ. ಕುದುರೆ ವಾರದಲ್ಲಿ ಒಂದು ಬಾರಿ ಓಡಲಿ, ಎಂಟು ಬಾರಿ ಓಡಲಿ, ಲಾಯದ ಬಾಡಿಗೆ ಮತ್ತು ನೋಂದಣಿಯಂಥ ಸ್ಥಿರ ವೆಚ್ಚಗಳು ಬದಲಾಗುವುದಿಲ್ಲ. ಷೋ ಜಂಪಿಂಗ್‌ನ ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ ಒಂದೂವರೆ ನಿಮಿಷ ಸಾಕು. ಆದ್ದರಿಂದ ಯಾವ ಸರಣಿ ಅಗ್ಗ, ಯಾವುದು ದುಬಾರಿ ಎಂದು ಅಳೆಯಬೇಕಾದ ಮಾನದಂಡ ವಾರದ ಖರ್ಚಲ್ಲ, ಆ ಒಂದೂವರೆ ನಿಮಿಷದ ಖರ್ಚು. ನಾಲ್ಕು ಕುದುರೆಗಳನ್ನು ದಿನವೂ ಓಡಿಸುವ ಸಿರಿವಂತನಿಗೆ ತರಬೇತುದಾರ, ಕಾಸ್ತಾರ, ವಸತಿಗಳ ವೆಚ್ಚ ಹತ್ತಾರು ಸುತ್ತುಗಳ ಮೇಲೆ ಹಂಚಿಹೋಗುತ್ತದೆ. ಒಂದೇ ಕುದುರೆಯನ್ನು ನೆಚ್ಚಿಕೊಂಡು, ಅದಕ್ಕೆ ಆಯಾಸವಾಗದಂತೆ ವಾರಕ್ಕೆ ಎರಡೇ ಸುತ್ತು ಓಡಿಸುವ ಮಧ್ಯಮ ವರ್ಗದ ಹುಡುಗಿಗೆ ಪ್ರತಿ ಸುತ್ತೂ ಹಲವು ಪಟ್ಟು ದುಬಾರಿ.

ನೆಲದ ಬೆಲೆ, ನೆರಳಿನ ಬೆಲೆ

ಜನವರಿ ಬಂತೆಂದರೆ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಗಟ್ಟಿ ನೆಲದ ಮೇಲೆ ಜಿಗಿದರೆ ಕುದುರೆಯ ಕಾಲಿಗೆ ಅಪಾಯ. ಹೀಗಾಗಿ ಹಕ್ಕಿಗಳಂತೆ ಕುದುರೆಗಳೂ ದಕ್ಷಿಣಕ್ಕೆ ವಲಸೆ ಹೊರಡುತ್ತವೆ. ಈ ವಲಸೆಯ ರಾಜಧಾನಿ ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯ ವೆಲ್ಲಿಂಗ್ಟನ್.

ಈ ಊರಿನ ಹೆಸರೇ ಒಂದು ವಿಪರ್ಯಾಸ. 1950ರ ದಶಕದಲ್ಲಿ ಇಲ್ಲಿನ ಜೌಗು ನೆಲವನ್ನು ಕೊಂಡವರು ಸಿ. ಆಲಿವರ್ ವೆಲ್ಲಿಂಗ್ಟನ್ ಎಂಬ ಲೆಕ್ಕಪರಿಶೋಧಕ. ಒಂದು ಕಾಲಕ್ಕೆ ಆ ನೆಲ ಜಗತ್ತಿನ ಅತಿ ದೊಡ್ಡ ಸ್ಟ್ರಾಬೆರಿ ತೋಟ ಎಂದು ಹೆಸರಾಗಿತ್ತು. 1970ರ ದಶಕದ ಕೊನೆಯಲ್ಲಿ ಪೋಲೊ ಬಂತು, ಅದರ ಹಿಂದೆಯೇ ಚಳಿಗಾಲದ ಅಶ್ವಾರೋಹಣ ಉತ್ಸವ ಬಂತು. ಇಂದು ಜನವರಿಯಿಂದ ಮಾರ್ಚ್ ಅಂತ್ಯದವರೆಗೆ ನಡೆಯುವ 'ವಿಂಟರ್ ಈಕ್ವೆಸ್ಟ್ರಿಯನ್ ಫೆಸ್ಟಿವಲ್' ಜಗತ್ತಿನ ಅತಿ ದೊಡ್ಡ ಸರಣಿಗಳಲ್ಲೊಂದು. ಬಿಲ್ ಗೇಟ್ಸ್, ಮೈಕೆಲ್ ಬ್ಲೂಂಬರ್ಗ್, ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಹೆಣ್ಣುಮಕ್ಕಳು ಇಲ್ಲಿ ಕುದುರೆ ಓಡಿಸಿದ್ದಾರೆ. ರಸ್ತೆ ದಾಟುವ ಸಂಕೇತದ ಗುಂಡಿಯನ್ನು ಕೂಡ ಸವಾರರು ಕುದುರೆಯಿಂದ ಇಳಿಯದೆ ಒತ್ತಬಹುದಾದಷ್ಟು ಎತ್ತರದಲ್ಲಿ ಇಟ್ಟಿರುವ ಊರಿದು.

ವೆಲ್ಲಿಂಗ್ಟನ್ ದುಬಾರಿಯಾಗಲು ಸ್ಪರ್ಧೆಯ ಶುಲ್ಕಕ್ಕಿಂತ ಮುಖ್ಯ ಕಾರಣ ನೆಲದ ಬೆಲೆ. ಅಟ್ಲಾಂಟಿಕ್ ಕರಾವಳಿಯ ಶ್ರೀಮಂತ ಬಡಾವಣೆಗಳಿಗೆ ಹತ್ತಿರವಿರುವ ಊರು. ಚಳಿಗೆ ಹೆದರಿ ಬರುವ ನಿವೃತ್ತರೂ ಪ್ರವಾಸಿಗರೂ ಅದೇ ಮೂರು ತಿಂಗಳಲ್ಲಿ ಅಲ್ಲಿಗೆ ಮುಗಿಬೀಳುತ್ತಾರೆ. ಮನೆಗೂ ಲಾಯಕ್ಕೂ ಒಟ್ಟಿಗೇ ಬೇಡಿಕೆ ಏರುತ್ತದೆ. ಕುದುರೆಗಳಿಗಾಗಿಯೇ ಕಾಯ್ದಿರಿಸಿದ ವಲಯವೊಂದನ್ನು ಊರು ಕಾನೂನಿನ ಮೂಲಕ ಉಳಿಸಿಕೊಂಡು ಬಂದಿತ್ತು. 2024ರಲ್ಲಿ ಆ ವಲಯದ ಸುಮಾರು 96 ಎಕರೆಯನ್ನು ವಸತಿ ಯೋಜನೆಗಾಗಿ ಹೊರತೆಗೆಯಲು ಊರಿನ ಆಡಳಿತ ಮಂಡಳಿ ಒಪ್ಪಿತು. ವಲಯದಿಂದ ನೆಲ ಕೈಬಿಟ್ಟದ್ದು ಅದೇ ಮೊದಲು. ಬೆಂಗಳೂರಿನ ಸುತ್ತಲಿನ ಹಸಿರು ಪಟ್ಟಿಯ ಕಥೆ ಬಲ್ಲವರಿಗೆ ಮುಂದಿನ ಅಧ್ಯಾಯವನ್ನು ಊಹಿಸುವುದು ಕಷ್ಟವಲ್ಲ.

ವೆಲ್ಲಿಂಗ್ಟನ್ನಿನಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹೋದರೆ ಒಕಾಲ. ಸುಣ್ಣಕಲ್ಲಿನ ಮೇಲೆ ಬೆಳೆದ ಇಲ್ಲಿನ ಹುಲ್ಲು ಕುದುರೆಯ ಎಲುಬಿಗೆ ಒಳ್ಳೆಯದೆಂಬ ನಂಬಿಕೆಯಿಂದ ರೇಸು ಕುದುರೆಗಳ ಸಾಕಣೆ ಬೆಳೆಯಿತು. 1956ರಲ್ಲಿ ಕೆಂಟಕಿ ಡರ್ಬಿ ಗೆದ್ದ ಮೊದಲ ಫ್ಲಾರಿಡಾ ಕುದುರೆ 'ನೀಡಲ್ಸ್' ಇಲ್ಲಿಯದು. ಇಲ್ಲಿ ಎಚ್‌ಐಟಿಎಸ್ ಸಂಸ್ಥೆ ದಶಕಗಳ ಕಾಲ ಚಳಿಗಾಲದ ಸರಣಿಯನ್ನು ನಡೆಸಿಕೊಂಡು ಬಂದಿತ್ತು. ಹಣ ಎಣಿಸಿ ಖರ್ಚು ಮಾಡುವವರ ಫ್ಲಾರಿಡಾ ಎಂದು ಒಕಾಲಕ್ಕೆ ಹೆಸರು. ಒಳನಾಡಿನ ಊರಾದ್ದರಿಂದ ಹೋಟೆಲು ಅಗ್ಗ, ಹುಲ್ಲುಗಾವಲು ವಿಶಾಲ, ತರಬೇತುದಾರರು ಊರಾಚೆಯ ತೋಟದಲ್ಲಿ ಕುದುರೆ ಕಟ್ಟಿ ಸ್ಪರ್ಧೆಯ ದಿನ ಮಾತ್ರ ತರಬಹುದು.

2021ರಲ್ಲಿ ಈ ಚಿತ್ರ ಬದಲಾಯಿತು. ಸರಕು ಸಾಗಣೆ ಉದ್ಯಮದಲ್ಲಿ ಹಣ ಗಳಿಸಿದ ರಾಬರ್ಟ್ಸ್ ಕುಟುಂಬ ಇಲ್ಲಿ 'ವರ್ಲ್ಡ್ ಈಕ್ವೆಸ್ಟ್ರಿಯನ್ ಸೆಂಟರ್' ಎಂಬ ಬೃಹತ್ ಕೇಂದ್ರವನ್ನು ತೆರೆಯಿತು. ಹವಾನಿಯಂತ್ರಿತ ಒಳಾಂಗಣ ಅಂಕಣಗಳು, ಆವರಣದಲ್ಲೇ 248 ಕೋಣೆಗಳ ಹೋಟೆಲು. ಪ್ರೇಕ್ಷಕರಿಗೆ ಪ್ರವೇಶವೂ ವಾಹನ ನಿಲುಗಡೆಯೂ ಉಚಿತ. ಅಮೆರಿಕದ ರಾಷ್ಟ್ರೀಯ ಒಕ್ಕೂಟದಲ್ಲಿ, ಒಂದು ಮಾನ್ಯತೆ ಪಡೆದ ಸ್ಪರ್ಧೆಗೆ ನಿಗದಿತ ದೂರದೊಳಗೆ ಅದೇ ದಿನಗಳಲ್ಲಿ ಇನ್ನೊಂದಕ್ಕೆ ಮಾನ್ಯತೆ ಕೊಡಬಾರದೆಂಬ ನಿಯಮವೊಂದು ದೀರ್ಘಕಾಲ ಇತ್ತು. ಸಂಘಟಕರಿಗೆ ರಕ್ಷಣೆ ಕೊಡಲೆಂದು ಬಂದ ಈ ನಿಯಮ ಕ್ರಮೇಣ ಅವರ ಏಕಸ್ವಾಮ್ಯದ ಕೋಟೆಯಾಗಿದೆ ಎಂಬ ದೂರು ಹಳೆಯದು. ಹೊಸ ಕೇಂದ್ರ ಆರಂಭದಲ್ಲಿ ಬೇರೊಂದು ಸಂಸ್ಥೆಯ ಮಾನ್ಯತೆ ಪಡೆದು ಆ ಕೋಟೆಯ ಪಕ್ಕದಲ್ಲೇ ಬಾಗಿಲು ತೆರೆಯಿತು. ಸ್ಪರ್ಧಿಗಳು ಅಲ್ಲಿಗೂ ಹೋದರು. ಅಂಕಪಟ್ಟಿಗಿಂತ ಒಳ್ಳೆಯ ನೆಲ, ಒಳ್ಳೆಯ ಲಾಯ ಮುಖ್ಯವೆಂದುಕೊಂಡವರು ಕಡಿಮೆಯೇನೂ ಇರಲಿಲ್ಲ. ಪೈಪೋಟಿ ಇದ್ದಲ್ಲಿ ಗ್ರಾಹಕನಿಗೆ ಗೌರವ ಸಿಗುತ್ತದೆ ಎಂಬ ಹಳೆಯ ಪಾಠ ಲಾಯಕ್ಕೂ ಅನ್ವಯಿಸುತ್ತದೆ. ಆದರೆ ಸೌಕರ್ಯ ಹೆಚ್ಚಿದಂತೆ ನಿರೀಕ್ಷೆಯೂ, ನಿರೀಕ್ಷೆಯೊಂದಿಗೆ ಖರ್ಚೂ ಏರುತ್ತವೆ.

ಪಶ್ಚಿಮ ಕರಾವಳಿಯವರಿಗೆ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಬಳಿಯ ಥರ್ಮಲ್ ಎಂಬ ಮರುಭೂಮಿಯ ಊರಿದೆ. ಎಚ್‌ಐಟಿಎಸ್ ನಡೆಸುತ್ತಿದ್ದ ಅಲ್ಲಿನ ಸರಣಿ ಈಗ 'ಡೆಸರ್ಟ್ ಇಂಟರ್‌ನ್ಯಾಷನಲ್ ಹಾರ್ಸ್ ಪಾರ್ಕ್' ಹೆಸರಿನಲ್ಲಿ ಬೇರೆಯವರ ಕೈಯಲ್ಲಿದೆ. ಸ್ಥಳೀಯರಿಗೆ ಅದು ಅನುಕೂಲ; ನ್ಯೂಜೆರ್ಸಿಯವರಿಗೆ ಕುದುರೆ ಸಾಗಿಸುವ ಖರ್ಚಿನಲ್ಲೇ ಉಳಿತಾಯವೆಲ್ಲ ಕರಗಿಹೋಗುತ್ತದೆ. ಹಾಗೆ ನೋಡಿದರೆ ಯಾವ ಸರಣಿಯೂ ಸ್ವತಃ ಅಗ್ಗವಲ್ಲ, ದುಬಾರಿಯೂ ಅಲ್ಲ; ನಮ್ಮ ಮನೆಯಿಂದ ಅದು ಎಷ್ಟು ದೂರ ಎಂಬುದೇ ಅರ್ಧ ಲೆಕ್ಕ.

ಯುರೋಪಿನ ಬೇರೆ ಲೆಕ್ಕ

ಯುರೋಪಿನಲ್ಲೂ ಚಳಿಗಾಲದ ವಲಸೆ ಉಂಟು. ಜರ್ಮನಿ, ನೆದರ್‌ಲ್ಯಾಂಡ್ಸ್, ಬ್ರಿಟನ್, ಸ್ವೀಡನ್ನಿನ ಸವಾರರು ಸ್ಪೇನಿನ ಕಾದಿಸ್ ಪ್ರಾಂತದ ವೆಹೇರ್ ದೆ ಲಾ ಫ್ರಾಂತೆರಾಕ್ಕೆ, ಮೆಡಿಟರೇನಿಯನ್ ತೀರದ ಒಲಿವಾಕ್ಕೆ, ಪೋರ್ಚುಗಲ್ಲಿನ ವಿಲಮೌರಾಕ್ಕೆ ಲಾರಿಗಳಲ್ಲಿ ಕುದುರೆ ತುಂಬಿಕೊಂಡು ಹೊರಡುತ್ತಾರೆ. ಅಮೆರಿಕದ ಸರಣಿಗಳಿಗೂ ಇವಕ್ಕೂ ಎದ್ದು ಕಾಣುವ ಎರಡು ವ್ಯತ್ಯಾಸಗಳಿವೆ.

ಮೊದಲನೆಯದು, ಯುರೋಪಿನಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗಳ ಪ್ರವೇಶ ಶುಲ್ಕಕ್ಕೆ ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟ ಮಿತಿ ಹಾಕಿದೆ. ಉತ್ತರ ಅಮೆರಿಕಕ್ಕೆ ಬೇರೆಯದೇ ಲೆಕ್ಕ, ಅಲ್ಲಿ ಹೆಚ್ಚು ವಸೂಲಿ ಮಾಡಲು ಅವಕಾಶವಿದೆ. ಎರಡನೆಯದು ಸ್ಪರ್ಧಿಗಳ ಸ್ವಭಾವ. ಯುರೋಪಿನಿಂದ ಬರುವ ಬಹಳಷ್ಟು ಮಂದಿ ವೃತ್ತಿಪರರು. ಐದಾರು ವರ್ಷದ ಎಳೆಯ ಕುದುರೆಗಳಿಗೆ ಅನುಭವ ಕೊಡಿಸುವುದು, ಅವುಗಳ ಬೆಲೆ ಏರಿಸುವುದು, ಅಲ್ಲೇ ಕೊಳ್ಳುವವರನ್ನು ಹುಡುಕುವುದು ಅವರ ಉದ್ದೇಶ. ಅವರಿಗೆ ಸ್ಪರ್ಧೆಯ ಖರ್ಚು ವ್ಯಾಪಾರದ ಬಂಡವಾಳ. ಅಮೆರಿಕದ ಸರಣಿಗಳಲ್ಲಿ ಹೆಚ್ಚಿನವರು ಹವ್ಯಾಸಿಗಳು, ಶಾಲಾ ಮಕ್ಕಳು. ತರಬೇತುದಾರರಿಂದ ಹಿಡಿದು ಕಾಸ್ತಾರನವರೆಗೆ ಎಲ್ಲ ಸೇವೆಯನ್ನೂ ಹಣ ಕೊಟ್ಟು ಪಡೆಯುವವರು. ಒಂದೇ ಕ್ರೀಡೆ, ಒಂದೇ ಎತ್ತರದ ತಡೆ. ಅಲ್ಲಿ ಅದು ಕಸುಬು, ಇಲ್ಲಿ ಅದು ಸೇವಾ ಉದ್ಯಮ.

ಪಟ್ಟಿಯಲ್ಲಿ ಬರೆಯದ ಖರ್ಚುಗಳೂ ಇವೆ. 2021ರ ಫೆಬ್ರುವರಿಯಲ್ಲಿ ಸ್ಪೇನಿನ ವೆಲೆನ್ಸಿಯಾದ ಸರಣಿಯೊಂದರಲ್ಲಿ ಕುದುರೆಗಳ ಹರ್ಪಿಸ್ ವೈರಾಣು ಕಾಣಿಸಿಕೊಂಡಿತು. ಸೋಂಕು ದೇಶದಿಂದ ದೇಶಕ್ಕೆ ಹರಡಿ 18 ಕುದುರೆಗಳು ಸತ್ತವು, ಯುರೋಪಿನ ಹಲವು ದೇಶಗಳಲ್ಲಿ ವಾರಗಟ್ಟಲೆ ಸ್ಪರ್ಧೆಗಳು ರದ್ದಾದವು. ಸಾವಿರಾರು ಕುದುರೆಗಳನ್ನು ಒಂದೆಡೆ ಕಟ್ಟಿ ತಿಂಗಳುಗಟ್ಟಲೆ ಸ್ಪರ್ಧೆ ನಡೆಸುವ ಪದ್ಧತಿಯ ಅಪಾಯವಿದು. ಕುದುರೆಗೆ ವಿಶ್ರಾಂತಿ ಎಷ್ಟು ಬೇಕೆಂದು ಕುದುರೆಯನ್ನು ಕೇಳುವಂತಿಲ್ಲ. ಕಟ್ಟಿದ ಬಾಡಿಗೆ ದಂಡವಾಗಬಾರದೆಂದು ಇನ್ನೊಂದು ಸುತ್ತು ಓಡಿಸುವ ಆಸೆಗೆ ಅದರ ಮೊಣಕಾಲು ಬೆಲೆ ತೆರಬೇಕಾಗುತ್ತದೆ.

ಯಾರಿಗೆ ಬಹುಮಾನ?

ಬಹುಮಾನದಿಂದ ಖರ್ಚು ಹುಟ್ಟೀತೇ? ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕಣಕ್ಕಿಳಿದ ಪ್ರತಿ ನಾಲ್ವರಿಗೆ ಒಂದರಂತೆ ಬಹುಮಾನ ಕೊಟ್ಟರೆ ಸಾಕು. ನಲವತ್ತು ಮಂದಿ ಓಡಿದರೆ ಹತ್ತು ಮಂದಿಗೆ ಖಾತ್ರಿ. ಉಳಿದ ಮೂವತ್ತು ಮಂದಿ ಬರಿಗೈಯಲ್ಲಿ ಮರಳಲು ಸಿದ್ಧರಿರಬೇಕು. ಆ ಹತ್ತರಲ್ಲೂ ಮೊದಲ ಮೂರ್ನಾಲ್ಕು ಸ್ಥಾನಗಳನ್ನು ಬಿಟ್ಟರೆ ಉಳಿದವರ ಪಾಲು ವಾರದ ಲಾಯದ ಬಾಡಿಗೆಗೂ ಸಾಲದು. ಮಕ್ಕಳ ಹಂಟರ್ ವಿಭಾಗದಲ್ಲಂತೂ ಗೆದ್ದವರಿಗೆ ಸಿಗುವುದು ಹೆಚ್ಚಾಗಿ ಬಣ್ಣದ ರಿಬ್ಬನ್ನು.

ಸೋಲು ಗೆಲುವು ಆಟದ ಧರ್ಮ, ಅದರ ಬಗ್ಗೆ ಗೊಣಗಬೇಕಿಲ್ಲ. ಗೊಣಗಬೇಕಾದ್ದು ಬೇರೆ ಇದೆ. ವರ್ಷಾಂತ್ಯದ ಪ್ರತಿಷ್ಠಿತ ಸ್ಪರ್ಧೆಗಳಿಗೆ ಅರ್ಹತೆ ಪಡೆಯಲು ವರ್ಷವಿಡೀ ಗಳಿಸಿದ ಅಂಕ ಬೇಕು. ಚಳಿಗಾಲವಿಡೀ ಫ್ಲಾರಿಡಾದಲ್ಲಿದ್ದು ವಾರವಾರ ಓಡಿಸಬಲ್ಲವರ ಖಾತೆ, ಉತ್ತರದಲ್ಲಿ ಶಾಲೆ ಬಿಡದೆ ಕುಳಿತ ಮಕ್ಕಳು ವಸಂತದಲ್ಲಿ ಮೊದಲ ಸ್ಪರ್ಧೆಗಿಳಿಯುವ ಹೊತ್ತಿಗೇ ತುಂಬಿರುತ್ತದೆ. ಪ್ರತಿಭೆಯನ್ನು ಅಳೆಯಬೇಕಾದ ಅಂಕಪಟ್ಟಿ ಹೀಗೆ ಹಾಜರಿಯನ್ನು ಅಳೆಯತೊಡಗುತ್ತದೆ. ಹಾಜರಿಯ ಹಿಂದೆ ಇರುವುದು ಚೆಕ್ಕು ಪುಸ್ತಕ.

ಬಡವರ ಮಕ್ಕಳಿಗೆ ದಾರಿಯೇ ಇಲ್ಲವೆಂದಲ್ಲ. ಲಾಯ ಗುಡಿಸಿ, ಕುದುರೆ ತಿಕ್ಕಿ, ಅದರ ಕೂಲಿಯ ಬದಲು ಪಾಠ ಹೇಳಿಸಿಕೊಳ್ಳುವ ಪದ್ಧತಿಯಿದೆ. ಇತರರ ಕುದುರೆ ಓಡಿಸಲು ಕರೆ ಬರುವಷ್ಟು ಹೆಸರು ಗಳಿಸಿ ಮೇಲೆ ಬಂದ ಸವಾರರೂ ಇದ್ದಾರೆ. ಆದರೆ ಅವರ ಕಥೆಗಳನ್ನು ಮತ್ತೆ ಮತ್ತೆ ಹೇಳುವುದರಲ್ಲೇ ಅವರು ಅಪವಾದ ಎಂಬುದು ಸ್ಪಷ್ಟವಾಗುತ್ತದೆ.

ನಮಗೇಕೆ ಈ ಮಾತು?

ದೂರದ ಸಿರಿವಂತರ ಆಟ, ನಮಗೇನು ಎಂದು ಓದುಗರು ಕೇಳಬಹುದು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್ ವಿಭಾಗದ ವೈಯಕ್ತಿಕ ಬೆಳ್ಳಿ ಗೆದ್ದರು. ಈ ಕ್ರೀಡೆಯಲ್ಲಿ 1982ರ ನಂತರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕವದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 23ನೇ ಸ್ಥಾನ ಪಡೆದರು. ಅವರು ಪಳಗಿದ್ದು ಜರ್ಮನಿಯಲ್ಲಿ. ಅವರಿಗೆ ಕುದುರೆಗಳನ್ನು ಒದಗಿಸಿದ್ದು ಬೆಂಗಳೂರಿನ ಎಂಬೆಸಿ ಸಮೂಹ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸ್ಸಾಜ್ ತಂಡ ಸ್ಪರ್ಧೆಯಲ್ಲಿ ಭಾರತ 41 ವರ್ಷಗಳ ನಂತರ ಅಶ್ವಾರೋಹಣದ ಚಿನ್ನ ಗೆದ್ದಾಗಲೂ ನಮ್ಮ ಸವಾರರು ಯುರೋಪಿನಲ್ಲೇ ವರ್ಷಗಟ್ಟಲೆ ಇದ್ದು ತಯಾರಾಗಿದ್ದರು.

ಇದಕ್ಕೆ ಕಾರಣ ತರಬೇತಿಯ ಕೊರತೆಯಷ್ಟೇ ಅಲ್ಲ. ಕುದುರೆಗಳ ರೋಗಗಳ ವಿಚಾರದಲ್ಲಿ ಭಾರತಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಇರದ ಕಾರಣ ಇಲ್ಲಿನ ಕುದುರೆಯನ್ನು ವಿದೇಶದ ಸ್ಪರ್ಧೆಗೆ ಒಯ್ಯುವುದು ಅಸಾಧ್ಯವೆನ್ನುವಷ್ಟು ಕಷ್ಟವಾಗಿತ್ತು. 2025ರ ಜುಲೈನಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದಲ್ಲಿರುವ ರೋಗಮುಕ್ತ ವಿಭಾಗಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತಿದೆ. ಇದು ದೊಡ್ಡ ಹೆಜ್ಜೆ. ಬೆಂಗಳೂರಿನ ಲಾಯದ ಕುದುರೆ ಮೀರತ್ತಿನ ಹಾದಿಯಾಗಿ ಜಗತ್ತಿಗೆ ಹೋಗುವಂತಾದರೆ, ಯುರೋಪಿನಲ್ಲಿ ಮನೆ ಮಾಡಲು ಶಕ್ತಿಯಿಲ್ಲದ ಮಕ್ಕಳಿಗೂ ಕನಸು ಕಾಣುವ ಧೈರ್ಯ ಬಂದೀತು. ಆಗ ವೆಲ್ಲಿಂಗ್ಟನ್ನಿನ ಮಾದರಿಯನ್ನು ಅನುಸರಿಸಬೇಕೋ, ಶುಲ್ಕಕ್ಕೆ ಮಿತಿ ಹಾಕಿದ ಯುರೋಪಿನದನ್ನೋ ಎಂಬ ಪ್ರಶ್ನೆ ನಮ್ಮ ಮುಂದೆಯೂ ಬರುತ್ತದೆ. ಮೈದಾನ ಕಟ್ಟುವ ಮೊದಲೇ ಅದಕ್ಕೆ ಉತ್ತರ ಯೋಚಿಸುವುದು ಲೇಸು.

ನನ್ನ ಸ್ನೇಹಿತರ ಪಟ್ಟಿಯ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಒಂದು ಸಂಜೆ ತಂದೆ ಮಗಳು ಕುಳಿತು ಮೊತ್ತವನ್ನು ಸುತ್ತುಗಳ ಸಂಖ್ಯೆಯಿಂದ ಭಾಗಿಸಿದರಂತೆ. ವೆಲ್ಲಿಂಗ್ಟನ್ನಿನ ಭಾಗಲಬ್ಧ ನೋಡಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳಂತೆ. ಆಮೇಲೆ, ಒಕಾಲದಲ್ಲಿ ಎರಡೇ ವಾರ ಸಾಕು, ಉಳಿದ ಚಳಿಗಾಲ ಮನೆಯ ಹತ್ತಿರದ ಒಳಾಂಗಣದಲ್ಲಿ ಒಂದೊಂದು ದಿನದ ಸ್ಪರ್ಧೆಗೆ ಹೋಗುತ್ತೇನೆ ಎಂದಳು. ಅದು ಸರಿಯಾದ ಲೆಕ್ಕ ಎಂದು ಸ್ನೇಹಿತರು ಹೆಮ್ಮೆಯಿಂದಲೇ ಹೇಳಿದರು. ಮರುಕ್ಷಣ ಅವರೇ ಸೇರಿಸಿದರು: 'ಹದಿನಾಲ್ಕು ವರ್ಷದ ಹುಡುಗಿ ತಡೆ ಎಷ್ಟು ಎತ್ತರ ಅಂತ ಕೇಳಬೇಕಿತ್ತು. ಅವಳು ಕೇಳಿದ್ದು, ಅಪ್ಪಾ, ಒಂದು ಸಲ ಹಾರೋಕೆ ಎಷ್ಟಾಗುತ್ತೆ ಅಂತ.'